ಫೇರ್ ಹೌಸಿಂಗ್ ಆನ್‌ಲೈನ್ ಕೋರ್ಸ್: ರೋಲ್ ಪ್ಲೇ ಭೇಷ್, ಪರೀಕ್ಷೆ ದಂಡ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ ಸ್ಟಾರ್. ಕ್ಯಾಲಿಫೋರ್ನಿಯಾದಲ್ಲಿ ರಿಯಲ್ ಎಸ್ಟೇಟ್ ಲೈಸೆನ್ಸ್ ಇಟ್ಟುಕೊಂಡವರು ಈ ಪಾಠ ತಪ್ಪಿಸಿಕೊಳ್ಳುವಂತಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಲೈಸೆನ್ಸ್ ರಿನ್ಯೂ ಮಾಡಿಸುವಾಗ 45 ಗಂಟೆ ಕಲಿಕೆ ತೋರಿಸಬೇಕು. ಅದರಲ್ಲಿ ಫೇರ್ ಹೌಸಿಂಗ್‌ಗೆ, ಅಂದರೆ ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನರಲ್ಲಿ ಭೇದ ಮಾಡಬಾರದು ಅನ್ನುವ ಕಾನೂನಿಗೆ, 3 ಗಂಟೆ, ನಮಗೇ ಗೊತ್ತಿಲ್ಲದೆ ನಮ್ಮೊಳಗೆ ಕೂತಿರುವ ಪೂರ್ವಗ್ರಹದ ಬಗ್ಗೆ ಇನ್ನೊಂದು 2 ಗಂಟೆ. ಯಾವ ಕಂಪನಿಯ ಹತ್ತಿರ ಕಲಿಯಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ನಾನು ಕಲಿತದ್ದು ಮನೆಯಲ್ಲೇ ಕೂತು ಮಾಡುವ ಆನ್‌ಲೈನ್ ಕೋರ್ಸ್. ಕಂಪನಿಯ ಹೆಸರು ಬರೆಯುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಇತಿಹಾಸದ ಭಾಗ ಓದುವ ದನಿ ಕೇಳಿದರೆ ನಿದ್ದೆ ಬರುತ್ತದೆ. ವಿಷಯ ಮಾತ್ರ ನಿದ್ದೆ ಬರಿಸುವಂಥದ್ದಲ್ಲ. ಆಸ್ತಿ ಕೊಳ್ಳುವ, ಮಾರುವ, ಬಾಡಿಗೆಗೆ ಪಡೆಯುವ ಹಕ್ಕಿನಲ್ಲಿ ಜನಾಂಗದ ಭೇದ ಇರಬಾರದು ಎಂಬ ಕಾನೂನು ಅಮೆರಿಕದಲ್ಲಿ 1866ರಲ್ಲೇ ಬಂದಿತ್ತು. ಅದು ಖಾಸಗಿ ಮಾಲೀಕರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1968ರಲ್ಲಿ! ನೂರು ವರ್ಷ ಸುಮ್ನೆ ಕಾಗದದ ಮೇಲೆ ಇತ್ತು ಅಂತಲೇ ಲೆಕ್ಕ. ಅದೇ 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು, ಒಂದೇ ವಾರಕ್ಕೆ, ಏಪ್ರಿಲ್ 11ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಫೇರ್ ಹೌಸಿಂಗ್ ಆ್ಯಕ್ಟ್‌ಗೆ ಸಹಿ ಹಾಕಿದರು. ಯಾವುದನ್ನು ನೋಡಿ ಭೇದ ಮಾಡಬಾರದು ಅನ್ನುವ ಅದರ ಪಟ್ಟಿಯಲ್ಲಿ ಆಗ ಇದ್ದದ್ದು ಜನಾಂಗ, ಮೈಬಣ್ಣ, ಧರ್ಮ, ಮೂಲ ದೇಶ. ಲಿಂಗ ಸೇರಿದ್ದು 1974ರಲ್ಲಿ. ಅಂಗವೈಕಲ್ಯ ಮತ್ತು ಮನೆಯಲ್ಲಿ ಮಕ್ಕಳಿರುವುದು, ಇವೆರಡೂ 1988ರ ತಿದ್ದುಪಡಿಯಲ್ಲಿ.

ಇಲ್ಲಿ ಒಂದು ವಿಷಯಕ್ಕೆ ಈ ಕೋರ್ಸನ್ನು ಮೆಚ್ಚಿದೆ. ನಮ್ಮ ಕಸುಬಿನ ಹುಳುಕನ್ನು ಅದು ಮುಚ್ಚಿಡಲಿಲ್ಲ. ವಸತಿಯಲ್ಲಿ ಭೇದ ಮಾಡಬಾರದು ಅನ್ನುವ ರಮ್‌ಫರ್ಡ್ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ 1963ರಲ್ಲೇ ತಂದಿತ್ತು. ಮರುವರ್ಷವೇ ಅದನ್ನು ಕಿತ್ತುಹಾಕಲು ಪ್ರೊಪೊಸಿಷನ್ 14 ಅಂತ ಜನಮತಕ್ಕೆ ಹಾಕಿದರು. ಅದರ ಹಿಂದೆ ನಿಂತು ಪ್ರಚಾರ ಮಾಡಿದ್ದು ರಾಜ್ಯದ ರಿಯಲ್ ಎಸ್ಟೇಟ್ ಸಂಘವೇ. ಗೆದ್ದೂಬಿಟ್ಟರು. 1967ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ರಾಷ್ಟ್ರಮಟ್ಟದ ರಿಯಲ್ಟರ್‌ಗಳ ಸಂಘದ ಅಧ್ಯಕ್ಷರು ಹಳೆಯ ತಪ್ಪುಗಳಿಗೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2020ರಲ್ಲಿ. ಬ್ಯಾಡ್ಜ್ ಹಾಕಿಕೊಂಡು ಓಡಾಡುವ ಎಲ್ಲರಿಗೂ ಇದು ಗೊತ್ತಿರಬೇಕು ಅಲ್ವಾ?

ಈಗ ರೋಲ್ ಪ್ಲೇ. ದುಡ್ಡು ಕೊಟ್ಟದ್ದಕ್ಕೆ ಸಾರ್ಥಕ ಅನ್ನಿಸಿದ್ದು ಇಲ್ಲೇ. 2023ರಿಂದ ಇದು ರಾಜ್ಯದ ಕಾನೂನಿನಲ್ಲೇ ಇದೆ, ಕಲಿಯುವವರು ಏಜೆಂಟಾಗಿಯೂ ಪಾತ್ರ ಮಾಡಬೇಕು, ಗ್ರಾಹಕರಾಗಿಯೂ ಮಾಡಬೇಕು. ಪರದೆಯ ಮೇಲೆ ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು. "ಈ ಏರಿಯಾ ಸೇಫ್ ತಾನೆ? ಎಂಥಾ ಜನ ಇದ್ದಾರೆ?" ಅಂತ ಕೇಳುತ್ತಾಳೆ. ನಾಲ್ಕು ಉತ್ತರ ಕೊಟ್ಟಿದ್ದಾರೆ. "ಒಳ್ಳೆ ಜನ, ನಿಮ್ಮಂಥವರೇ ಜಾಸ್ತಿ" ಅನ್ನುವುದು ಒಂದು. "ಇಲ್ಲಿ ಬೇಡ, ನಿಮಗೆ ಆ ಕಡೆ ಹೊಂದುತ್ತೆ" ಅನ್ನುವುದು ಇನ್ನೊಂದು. ಇವೆರಡೂ ತಪ್ಪು ಅಂತ ಯಾರಿಗೂ ಗೊತ್ತಾಗುತ್ತದೆ. ಜನರನ್ನು ನೋಡಿ ಬಡಾವಣೆ ಹಂಚುವುದಕ್ಕೆ ಕಾನೂನಿನ ಭಾಷೆಯಲ್ಲಿ ಸ್ಟೀರಿಂಗ್ ಅನ್ನುತ್ತಾರೆ. ಹೊಗಳಿ ಹಂಚಿದರೂ ಅಷ್ಟೇ, ಹೆದರಿಸಿ ಹಂಚಿದರೂ ಅಷ್ಟೇ.

ಮೂರನೆಯ ಉತ್ತರದಲ್ಲಿ ಮಜಾ ಇದೆ. "ಅದನ್ನೆಲ್ಲ ಹೇಳುವುದಕ್ಕೆ ಕಾನೂನು ಬಿಡಲ್ಲ." ಇದನ್ನು ಒತ್ತಿದರೆ ತಪ್ಪು ಅಂತ ಬರುವುದಿಲ್ಲ, ಆದರೆ ಹೆಂಗಸಿನ ಮುಖ ಬದಲಾಗುತ್ತದೆ, ಇವನು ಏನೋ ಮುಚ್ಚಿಡುತ್ತಿದ್ದಾನೆ ಅಂತ ಅವಳಿಗೆ ಅನ್ನಿಸಿ ಮುಂದಿನ ಮನೆ ನೋಡಲು ಬರುವುದೇ ಇಲ್ಲ. ನಮ್ಮಲ್ಲಿ ಬಹಳ ಜನ ಹೇಳುವುದು ಇದನ್ನೇ. ನಾಲ್ಕನೆಯದರಲ್ಲಿ ಏಜೆಂಟ್ ಪೊಲೀಸ್ ಇಲಾಖೆಯ ಅಪರಾಧ ಮ್ಯಾಪು, ಸ್ಕೂಲ್ ಡಿಸ್ಟ್ರಿಕ್ಟಿನ ಪುಟ, ಎರಡನ್ನೂ ಕಳಿಸಿ, "ರಾತ್ರಿ ಹೊತ್ತು ಬಂದು ಒಂದು ಸುತ್ತು ಓಡಾಡಿ ನೋಡಿ, ಬೀದಿ ದೀಪ, ಟ್ರಾಫಿಕ್ಕು ನೀವೇ ನೋಡಿ ಹೇಳಿ" ಅನ್ನುತ್ತಾನೆ. ಮಾಹಿತಿ ಸಿಕ್ಕಿತು, ತೀರ್ಮಾನ ಅವಳದೇ ಆಯಿತು. ಈ ಒಂದು ಪರದೆಯನ್ನು ಪ್ರಿಂಟ್ ಹಾಕಿ ಆಫೀಸಿನ ಗೋಡೆಗೆ ಅಂಟಿಸಬಹುದು.

ಗ್ರಾಹಕರ ಪಾತ್ರ ಇನ್ನೂ ಚುರುಕಾಗಿದೆ. ನೀವು ಫೋನ್ ಮಾಡುತ್ತೀರಿ, "ಅಯ್ಯೋ, ಆ ಮನೆ ಈಗಷ್ಟೇ ಹೋಯ್ತಲ್ಲಾ" ಅಂತ ಬಹಳ ನಯವಾಗಿ ಹೇಳುತ್ತಾರೆ. ಐದು ನಿಮಿಷ ಬಿಟ್ಟು ಬೇರೊಬ್ಬರು ಬೇರೆ ಹೆಸರಿನಲ್ಲಿ ಫೋನ್ ಮಾಡುತ್ತಾರೆ, ಅವರಿಗೆ ನಾಳೆ ಬೆಳಿಗ್ಗೆಯೇ ಮನೆ ನೋಡಲು ಅಪಾಯಿಂಟ್‌ಮೆಂಟ್ ಸಿಗುತ್ತದೆ. ಮೊದಲು ಫೋನ್ ಮಾಡಿದವರಿಗೆ ಇದು ಗೊತ್ತಾಗುವುದೇ ಇಲ್ಲ. ಟೆಸ್ಟರ್‌ಗಳು, ಅಂದರೆ ಗ್ರಾಹಕರ ಸೋಗಿನಲ್ಲಿ ಏಜೆಂಟರನ್ನು ಪರೀಕ್ಷಿಸುವವರು, ಬೇಕಾಗುವುದು ಇದಕ್ಕೇ. ಸುಳ್ಳು ಮಾಹಿತಿ ಸಿಕ್ಕ ಟೆಸ್ಟರ್ ಕೂಡ ದಾವೆ ಹೂಡಬಹುದು ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ನ್ಯೂಸ್‌ಡೇ ಪತ್ರಿಕೆ 3 ವರ್ಷ ತನಿಖೆ ಮಾಡಿ, ಟೆಸ್ಟರ್‌ಗಳನ್ನು ಕಳಿಸಿ 93 ಏಜೆಂಟರನ್ನು ಪರೀಕ್ಷಿಸಿ, 2019ರಲ್ಲಿ ವರದಿ ಪ್ರಕಟಿಸಿತು. ಕಪ್ಪು ಜನಾಂಗದ ಟೆಸ್ಟರ್‌ಗಳಿಗೆ 49%, ಹಿಸ್ಪಾನಿಕ್ ಟೆಸ್ಟರ್‌ಗಳಿಗೆ 39%, ಏಷ್ಯಾದ ಮೂಲದವರಿಗೆ 19% ಸಲ ಅಸಮಾನ ವರ್ತನೆಯ ಕುರುಹು ಸಿಕ್ಕಿತ್ತು. ಆ 19ರಲ್ಲಿ ನಾವೂ ಬರುತ್ತೇವೆ, ನೆನಪಿರಲಿ.

ಜಾಹೀರಾತಿನ ಪಾಠ ಚಿಕ್ಕದು, ಉಪಯುಕ್ತ. ಮನೆಯನ್ನು ವರ್ಣಿಸಿ, ಅದರಲ್ಲಿ ಇರಬೇಕಾದವರನ್ನು ವರ್ಣಿಸಬೇಡಿ, ಇಷ್ಟೇ ಸೂತ್ರ. "ಮಕ್ಕಳಿಲ್ಲದ ದಂಪತಿಗೆ ಹೇಳಿಮಾಡಿಸಿದ ಮನೆ" ಅಂತ ಬರೆಯುವಂತಿಲ್ಲ. "ಮಾಸ್ಟರ್ ಬೆಡ್‌ರೂಮ್", "ನಡೆದು ಹೋಗುವಷ್ಟು ದೂರ" ಅಂದರೆ ತಪ್ಪಲ್ಲ ಎಂದು ಕೇಂದ್ರದ ವಸತಿ ಇಲಾಖೆ 1995ರಲ್ಲೇ ತಿಳಿಸಿದೆ, ಆದರೂ ಹೆದರಿ ಅಳಿಸುವವರು ಇದ್ದಾರೆ. ಸರ್ಕಾರದ ಬಾಡಿಗೆ ವೋಚರ್ ಇರುವವರು ಬೇಡ ಅಂತ ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಹೇಳುವಂತಿಲ್ಲ. ವೈಕಲ್ಯ ಇರುವವರಿಗೆ ನೆರವಾಗುವ ನಾಯಿಗೆ ಪೆಟ್ ಡಿಪಾಸಿಟ್ ಕೇಳುವಂತಿಲ್ಲ. ಇವನ್ನೆಲ್ಲ ಚುಟುಕಾಗಿ, ಸರಿಯಾಗಿ ಹೇಳಿದ್ದಾರೆ.

ಇನ್ನು ಬೈಗುಳ. ಇಡೀ ಕೋರ್ಸಿನಲ್ಲಿ ಏಜೆಂಟ್ ಒಂದು ಜನ, ಗ್ರಾಹಕ ಬೇರೆ ಜನ. ನನ್ನ ಗ್ರಾಹಕರು ಮುಕ್ಕಾಲು ಪಾಲು ನಮ್ಮ ಕಡೆಯವರೇ. ಅವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, "ನಮ್ಮವರು ಎಲ್ಲಿ ಜಾಸ್ತಿ ಇದ್ದಾರೆ?" ಉತ್ತರ ಕೊಡಲ್ಲ ಅಂದರೆ, "ನೀನೂ ನಮ್ಮೋನೇ ಅಲ್ವೇನಪ್ಪಾ, ನಮ್ಮ ಹತ್ರ ಹೇಳೋಕೆ ಏನು ಕಷ್ಟ?" ಅನ್ನುವ ಹಿರಿಯರು. ಅವರಿಗೆ ಎಲ್ಲಿ ಬೇಕಾದರೂ ಮನೆ ಕೊಳ್ಳುವ ಸ್ವಾತಂತ್ರ್ಯ ಇದೆ, ಕಾನೂನು ಕಟ್ಟಿಹಾಕುವುದು ನನ್ನನ್ನು. ಗ್ರಾಹಕರೇ ಕೇಳಿದರು ಅನ್ನುವುದು ಏಜೆಂಟಿಗೆ ರಕ್ಷಣೆಯಲ್ಲ. ನಾನು ಹೇಳುವುದು ಹೀಗೆ: "ಸರ್, ದೇವಸ್ಥಾನ, ಆಫೀಸು, ಸ್ಕೂಲು, ಯಾವುದಕ್ಕೆ ಹತ್ತಿರ ಬೇಕು ಹೇಳಿ, ಮ್ಯಾಪ್‌ನಲ್ಲಿ ಹಾಕಿ ಕೊಡುತ್ತೇನೆ." ಪೂರ್ವಕ್ಕೆ ಬಾಗಿಲು ಬೇಕು ಅಂದರೆ ಖುಷಿಯಾಗಿ ಹುಡುಕುತ್ತೇನೆ, ಅದು ಮನೆಯ ವಿಷಯ, ಮನುಷ್ಯರದ್ದಲ್ಲ. ಇಂಥ ಒಂದೇ ಒಂದು ಸನ್ನಿವೇಶ ಈ ಕೋರ್ಸಿನಲ್ಲಿಲ್ಲ.

ಮನೆ ಬಾಡಿಗೆಗೆ ಕೊಡುವವರದ್ದು ಇನ್ನೂ ಕಷ್ಟ. "ವೆಜ್ ಫ್ಯಾಮಿಲಿ ಮಾತ್ರ, ಅರ್ಥ ಆಯ್ತಲ್ಲ" ಅನ್ನುತ್ತಾರೆ. ಊಟದ ರೀತಿ ಕಾನೂನಿನ ಪಟ್ಟಿಯಲ್ಲಿ ಇಲ್ಲ, ನಿಜ. ಆದರೆ ಆ "ಅರ್ಥ ಆಯ್ತಲ್ಲ"ದ ಹಿಂದೆ ಧರ್ಮವೋ ವಂಶವೋ ಕೂತಿದ್ದರೆ ಮಾಲೀಕರ ಜತೆ ನಾನೂ ಸಿಕ್ಕಿಹಾಕಿಕೊಳ್ಳುತ್ತೇನೆ. ಮಾಲೀಕರು ಹೇಳಿದರು ಅಂತ ಮಾಡಿದೆ ಅಂದರೆ ಯಾರೂ ಕೇಳುವುದಿಲ್ಲ. ಒಂಟಿ ಮನೆಯ ಮಾಲೀಕರಿಗೆ ಕೇಂದ್ರದ ಕಾನೂನಿನಲ್ಲಿ ಇರುವ ಸಣ್ಣ ವಿನಾಯಿತಿಯೂ ಬ್ರೋಕರ್ ಮಧ್ಯೆ ಬಂದ ಕೂಡಲೇ ಹೋಗುತ್ತದೆ.

ಜಾತಿಯ ಬಗ್ಗೆ ಒಂದೇ ಸಾಲು. ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿತು, ವಸತಿಯೂ ಅದರಲ್ಲಿ ಸೇರಿದೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದ್ದೇ ಮಸೂದೆ ಪಾಸು ಮಾಡಿತು, ಅಕ್ಟೋಬರಿನಲ್ಲಿ ರಾಜ್ಯಪಾಲ ನ್ಯೂಸಮ್ ಅದನ್ನು ತಡೆದರು. ಈಗಿರುವ ಕಾನೂನಿನಲ್ಲೇ ಇದಕ್ಕೆ ರಕ್ಷಣೆ ಇದೆ ಅನ್ನುವುದು ಅವರು ಕೊಟ್ಟ ಕಾರಣ. ಅಂದಮೇಲೆ ಜಾತಿ ಕೇಳಿದರೂ ಪರವಾಗಿಲ್ಲ ಅಂತ ಅರ್ಥವಲ್ಲ, ಉಲ್ಟಾ. ಮಸೂದೆ ಬಿದ್ದುಹೋಯ್ತಲ್ಲ ಅಂತ ನಿರಾಳವಾದ ಏಜೆಂಟರು ನನಗೆ ಗೊತ್ತು. ಇದನ್ನು ಬಿಡಿಸಿ ಹೇಳಲು ಒಂದು ಪುಟ ಕೊಟ್ಟಿದ್ದರೆ ಏನಾಗುತ್ತಿತ್ತು?

ಕೊನೆಯ ಪರೀಕ್ಷೆ ದಂಡ. ಲಿಂಗ ಯಾವ ವರ್ಷ ಸೇರಿತು, ಕೇಂದ್ರದ ವಸತಿ ಇಲಾಖೆಗೆ ದೂರು ಕೊಡಲು ಎಷ್ಟು ಸಮಯ, ಫೆಡರಲ್ ಕೋರ್ಟಿಗೆ ಹೋಗಲು ಎಷ್ಟು, ಇಂಥವೇ ಜಾಸ್ತಿ. ಇಲಾಖೆಗೆ 1 ವರ್ಷ, ಕೋರ್ಟಿಗೆ 2 ವರ್ಷ, ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಏನು ಹೇಳಬೇಕು ಅನ್ನುವುದನ್ನು ಅಷ್ಟು ಚೆನ್ನಾಗಿ ಕಲಿಸಿ, ಪರೀಕ್ಷೆಯಲ್ಲಿ ಇಸವಿ ಕೇಳುತ್ತಾರಲ್ಲ! ಪುಟ ಪುಟಕ್ಕೂ ಟೈಮರ್ ಬೇರೆ, ಓದಿ ಮುಗಿದರೂ ಮುಂದೆ ಹೋಗಲು ಬಿಡುವುದಿಲ್ಲ.

ಕೋರ್ಸ್ ಕೊಳ್ಳುವ ಮೊದಲು ರೋಲ್ ಪ್ಲೇಯ ಸ್ಯಾಂಪಲ್ ತೋರಿಸಿ ಅಂತ ಕೇಳಿ. ಕೆಲವು ಕಡೆ ರೋಲ್ ಪ್ಲೇ ಅಂದರೆ ಎರಡು ಸಾಲಿನ ಪ್ರಶ್ನೆ, ಸರಿ ತಪ್ಪು ಅಷ್ಟೇ. ಇದರಲ್ಲಿ ಹಾಗಿಲ್ಲ. ಇತಿಹಾಸದ ಭಾಗವನ್ನು ಮಾತ್ರ ದನಿ ಮ್ಯೂಟ್ ಮಾಡಿ ಓದಿಕೊಳ್ಳಿ, ಬೇಗ ತಲೆಗೆ ಹೋಗುತ್ತದೆ.