ಮಂಡಿಪೇಟೆ ಕಡೆಯ ಬೈಂಡಿಂಗ್ ಅಂಗಡಿ: ಹೊಲಿಗೆ ಭದ್ರ, ಕತ್ತರಿ ಅವಸರ

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದಲ್ಲಿದ್ದರು. ಕಾರ್ಮಿಕ ಸಂಘದ ಚಂದಾ ಲೆಕ್ಕವೂ ಅವರ ಕೈಯಲ್ಲೇ ಇತ್ತು. ಸಿಪಿಐನ ಪಂಪಾಪತಿಯವರು 1978, 1983 ಮತ್ತು 1985ರಲ್ಲಿ ಇಲ್ಲಿಂದ ಶಾಸಕರಾಗಿ ಗೆದ್ದ ಕಾಲದ ಪುಸ್ತಕಗಳವು. ಗೆದ್ದಲಿಗೆ ಆಹುತಿಯಾಗುವ ಮೊದಲು ಒಂದನ್ನು ಬೈಂಡಿಂಗಿಗೆ ಕೊಟ್ಟೆ.

ಹೊಲಿಗೆಗೆ ಮನಸೋತೆ. ಒಂದೊಂದು ಮಡಿಕೆಗೂ ಮೇಣ ಸವರಿದ ದಾರ, ಮೈಲುತುತ್ತ ಬೆರೆಸಿದ ಮೈದಾ ಅಂಟು. ಹುಳ ಹತ್ತಿರ ಸುಳಿಯದು. ಆದರೆ ಅಂಚು ಸಮ ಮಾಡುವ ಭರದಲ್ಲಿ ‘ಮುಷ್ಕರ ನಿಧಿ, ಒಂದು ರೂಪಾಯಿ’ ಎಂಬ ಸಾಲುಗಳ ಎದುರಿನ ಸಹಿಗಳನ್ನೇ ಅರ್ಧ ಕತ್ತರಿಸಿದ್ದಾರೆ. ಅಪ್ಪನ ಸಹಿಯ ಬಾಲವೂ ಹೋಯಿತು. ‘ಮೊದಲೇ ಹೇಳಬೇಕಿತ್ತು ಸರ್’ ಎಂದರು. ಇದನ್ನೂ ಹೇಳಬೇಕೇ?

ಇನ್ನೆರಡು ಪುಸ್ತಕ ಬಾಕಿ ಇವೆ. ಅಲ್ಲಿಗೇ ಕೊಡುತ್ತೇನೆ, ಕತ್ತರಿಸುವಾಗ ಎದುರಿಗೇ ನಿಂತಿರುತ್ತೇನೆ.