ಶೇಕಡಾ 10ರ ಯೂರಿಯಾ ಕ್ರೀಮ್: ಅತ್ತೆಯವರ ಅಂಗೈ, ಅಂಗಾಲಿಗೆ ಆದ ಉಪಕಾರ

ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ಅತ್ತೆಯವರಿಗೆ ಕೆಪೆಸಿಟಾಬೈನ್ ಎಂಬ ಕ್ಯಾನ್ಸರಿನ ಕೀಮೋ ಮಾತ್ರೆ ಬರೆದುಕೊಟ್ಟರು. ಹದಿನಾಲ್ಕು ದಿನ ಎರಡು ಹೊತ್ತು ಮಾತ್ರೆ, ಏಳು ದಿನ ಬಿಡುವು, ಮತ್ತೆ ಅದೇ ಸುತ್ತು. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಅವರ ಅಂಗೈ ಕೆಂಪೇರಿ, ಬೆರಳ ತುದಿಗಳು ಜುಮುಗುಟ್ಟತೊಡಗಿದವು. ಅಂಗಾಲು ನೆಲಕ್ಕೆ ಊರಿದರೆ ಉರಿ. ಆಗ ಜನವರಿ, ತೋಟದಲ್ಲಿ ಕಾಫಿ ಕುಯ್ಲು. ಕೊಡಗಿನ ಆ ಒಣಗಾಳಿಗೆ ಗಟ್ಟಿಮುಟ್ಟಾದವರ ಹಿಮ್ಮಡಿಯೂ ಒಡೆಯುವುದರಿಂದ, ಇದೂ ಚಳಿಯ ಒಡಕೆಂದೇ ತಿಳಿದು ಕೊಬ್ಬರಿ ಎಣ್ಣೆ ಹಚ್ಚುತ್ತ ನಾವು ಹತ್ತು ದಿನ ಕಳೆದುಬಿಟ್ಟೆವು. ಮೈಸೂರಿಗೆ ತಪಾಸಣೆಗೆ ಹೋದಾಗ, ಇದು ಮಾತ್ರೆಯಿಂದಲೇ ಅಂಗೈ, ಅಂಗಾಲಿಗೆ ಬರುವ ಹ್ಯಾಂಡ್ ಫುಟ್ ಸಿಂಡ್ರೋಮ್ ಎಂಬ ತೊಂದರೆ ಎಂದು ವೈದ್ಯರು ತಿಳಿಸಿ, ಶೇಕಡಾ 10ರ ಯೂರಿಯಾ ಇರುವ ಕ್ರೀಮ್ ಹಚ್ಚಲು ಹೇಳಿದರು.

ಯೂರಿಯಾ ಎಂದೊಡನೆ ಅತ್ತೆಯವರಿಗೆ ತೋಟಕ್ಕೆ ಹಾಕುವ ಗೊಬ್ಬರವೇ ಕಣ್ಣಮುಂದೆ ಬಂದು, ಅದನ್ನು ಮೈಗೆ ಹಚ್ಚುವುದೇ ಎಂದು ಗಾಬರಿಯಾದರು. ನಮ್ಮ ಚರ್ಮದ ಮೇಲ್ಪದರದಲ್ಲಿ ಯೂರಿಯಾ ಸಹಜವಾಗಿಯೇ ಇದ್ದು, ನೀರಿನ ಪಸೆಯನ್ನು ಹಿಡಿದಿಡುವ ಕೆಲಸ ಮಾಡುತ್ತದೆ ಎಂದು ವಿವರಿಸಿದ ಮೇಲೆ ಒಪ್ಪಿದರು.

ಕ್ರೀಮ್ ಕೊಳ್ಳುವಾಗ ಟ್ಯೂಬಿನ ಮೇಲಿನ ಅಂಕಿಯನ್ನು ಓದಲೇಬೇಕು. ಊರಿಗೆ ಮರಳುವ ದಾರಿಯಲ್ಲಿ ಒಂದು ಔಷಧಿ ಅಂಗಡಿಯವರು ಶೇಕಡಾ 40ರ ಟ್ಯೂಬನ್ನು ಕೊಟ್ಟಿದ್ದರು. ನಾನೂ ನೋಡದೆ ತಂದೆ. ಆ ಪ್ರಮಾಣ ಗಟ್ಟಿಯಾದ ಆಣಿ, ದಪ್ಪ ಚರ್ಮವನ್ನು ಕರಗಿಸುವುದಕ್ಕೆ ಇರುವಂಥದ್ದು. ಮೊದಲೇ ತೆಳುವಾಗಿ ಕೆಂಪಾಗಿದ್ದ ಅಂಗೈಗೆ ಹಚ್ಚಿದ ಕೂಡಲೇ ಅತ್ತೆಯವರು ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತುಬಿಟ್ಟರು. ತಣ್ಣೀರಿನಲ್ಲಿ ತೊಳೆದು, ಮರುದಿನ ಸರಿಯಾದ ಟ್ಯೂಬ್ ತರಿಸಿದೆವು.

ಶೇಕಡಾ 10ರ ಕ್ರೀಮ್ ಬಿಳಿಯಾಗಿ, ಮೊಸರಿನ ಕೆನೆಯಷ್ಟು ಮಂದವಾಗಿದ್ದು, ಸುವಾಸನೆಯಿಲ್ಲದ್ದರಿಂದ ಕೀಮೋದ ಓಕರಿಕೆಗೂ ತೊಂದರೆ ಕೊಡಲಿಲ್ಲ. ದಿನಕ್ಕೆ ಮೂರು ಬಾರಿ, ಕೈ ತೊಳೆದು ಒತ್ತಿ ಒರೆಸಿದ ಮೇಲೆ, ತಿಕ್ಕದೆ ಸವರುತ್ತಿದ್ದೆವು. ರಾತ್ರಿ ಕಾಲಿಗೆ ಸಡಿಲವಾದ ಹತ್ತಿಯ ಕಾಲುಚೀಲ. ನಾಲ್ಕೈದು ದಿನಗಳಲ್ಲಿ ಬಿಗಿತ ಸಡಿಲಿತು, ಬೆರಳು ಮಡಚಿದಾಗ ಗೆರೆಗಳು ಸೀಳುವುದು ನಿಂತಿತು. ಕೆಂಪು ಮಾತ್ರ ಬಿಡುವಿನ ವಾರದಲ್ಲಿ ಇಳಿದು ಮಾತ್ರೆಯ ಜೊತೆಗೇ ಮತ್ತೆ ಏರುತ್ತಿತ್ತು, ಅದನ್ನು ಈ ಕ್ರೀಮ್ ತಡೆಯಲಿಲ್ಲ. ಬಿರುಕು ಬಿಟ್ಟ ಜಾಗಕ್ಕೆ ತಾಗಿದರೆ ಇದೂ ಚುರುಗುಟ್ಟುತ್ತದೆ. ಅಂಥ ಕಡೆ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆವು. ಚರ್ಮ ಒಡೆಯುವ ಮೊದಲೇ, ಮಾತ್ರೆ ಶುರುವಾದ ದಿನದಿಂದಲೇ ಹಚ್ಚಿದ್ದರೆ ಎಷ್ಟು ನೋವು ತಪ್ಪುತ್ತಿತ್ತೋ ಎಂಬ ಸಂಕಟ ನನಗಿನ್ನೂ ಇದೆ.

ಕ್ರೀಮಿನಷ್ಟೇ ಮುಖ್ಯವಾದದ್ದು ಬಿಸಿ ಮತ್ತು ತಿಕ್ಕಾಟವನ್ನು ದೂರವಿಡುವುದು, ಮತ್ತು ನಮ್ಮ ಕಡೆ ಇದೇ ಕಷ್ಟ. ಹಂಡೆಯ ಕುದಿನೀರಿನ ಸ್ನಾನವಿಲ್ಲದೆ ಅತ್ತೆಯವರಿಗೆ ದಿನ ಮುಗಿದಂತಾಗುವುದಿಲ್ಲ. ಅವರನ್ನು ಉಗುರುಬೆಚ್ಚಗಿನ ನೀರಿಗೆ ಒಪ್ಪಿಸಲು ಒಂದು ವಾರ ಹಿಡಿಯಿತು. ಕಡಂಬುಟ್ಟಿನ ಹಿಟ್ಟನ್ನು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು, ಹಂದಿ ಮಾಂಸಕ್ಕೆ ಕಾಚಂಪುಳಿ ಎಂಬ ಕಡುಹುಳಿ ರಸ ಬೆರೆಸುವಾಗ ಒಂದು ಹನಿ ಬೆರಳಿಗೆ ತಾಗಿದರೂ ಉರಿಯುತ್ತದೆ. ಆ ಎರಡೂ ಕೆಲಸಗಳನ್ನು ನಾನು ವಹಿಸಿಕೊಂಡೆ. ಕಣದಲ್ಲಿ ಕಾಫಿ ಹರವುವುದನ್ನೂ ಬಿಡಿಸಿದೆವು.

ದೆಹಲಿಯ ಏಮ್ಸ್‌ನಲ್ಲಿ 264 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಪೆಸಿಟಾಬೈನ್ ಜೊತೆಗೆ ಶೇಕಡಾ 1ರ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಜೆಲ್ಲನ್ನು ಕೈಗೆ ಹಚ್ಚಿದವರಲ್ಲಿ ಈ ತೊಂದರೆ ಮಧ್ಯಮ ಅಥವಾ ತೀವ್ರ ಮಟ್ಟಕ್ಕೆ ಏರಿದ್ದು ಶೇಕಡಾ 3.8 ಮಂದಿಗೆ ಮಾತ್ರ. ಔಷಧವಿಲ್ಲದ ಬರೀ ಜೆಲ್ ಹಚ್ಚಿದವರಲ್ಲಿ ಅದು ಶೇಕಡಾ 15. ಇದನ್ನು ಚಿಕಿತ್ಸೆಯ ಆರಂಭದಲ್ಲೇ ನಿಮ್ಮ ವೈದ್ಯರ ಬಳಿ ಕೇಳಿ ನೋಡಿ. ಗುಳ್ಳೆ ಎದ್ದರೆ, ಚರ್ಮ ಸುಲಿದರೆ, ನಡೆಯಲಾಗದಷ್ಟು ನೋವಾದರೆ ಯಾವ ಕ್ರೀಮನ್ನೂ ನಂಬಿ ಕೂರದೆ ಅಂದೇ ಆಸ್ಪತ್ರೆಗೆ ಫೋನ್ ಮಾಡಬೇಕು. ಮಾತ್ರೆಯನ್ನು ಕೆಲವು ದಿನ ನಿಲ್ಲಿಸುವುದೋ, ಪ್ರಮಾಣ ಇಳಿಸುವುದೋ ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ.

ಟ್ಯೂಬಿನ ಒಂದು ದೋಷ ಅದರ ಮುಚ್ಚಳ. ಬೆರಳು ನೋಯುವವರಿಗೆಂದೇ ಕೊಳ್ಳುವ ವಸ್ತುವಿಗೆ ಇಷ್ಟು ಬಿಗಿಯಾದ, ಸಣ್ಣ ತಿರುಪಿನ ಮುಚ್ಚಳ ಇಡಬಾರದಿತ್ತು. ನಾವು ಅಗಲ ಬಾಯಿಯ ಚಿಕ್ಕ ಡಬ್ಬಿಗೆ ಎರಡು ದಿನಕ್ಕೆ ಬೇಕಾದಷ್ಟನ್ನೇ ಹಿಂಡಿ, ಮೇಲೊಂದು ಪುಟ್ಟ ಚಮಚ ಇಟ್ಟು ಅವರ ಮಂಚದ ಪಕ್ಕ ಇರಿಸುತ್ತಿದ್ದೆವು.