ಲೈಕು ಎಣಿಸುವುದನ್ನು ಯಾರಿಂದ ಕಲಿಯಬೇಕು?

ಪತ್ರಿಕಾ ಪ್ರಕಟಣೆ ಬರೆಯಲು ಬಂದರೆ ಸಾಕಿದ್ದ ಕಾಲ ಹೋಯಿತು. ಆರೋಗ್ಯ ಜಾಗೃತಿಯ ಕೆಲಸ ಮಾಡುವ ಸಂಸ್ಥೆಯೊಂದರ ಸಂವಹನ ವಿಭಾಗದಲ್ಲಿದ್ದೇನೆ. ತಿಂಗಳ ಸಭೆಯಲ್ಲಿ "ರೀಲ್ಸ್ ಎಷ್ಟು ಜನ ನೋಡಿದರು" ಎಂಬ ಪ್ರಶ್ನೆಯ ಬೆನ್ನಿಗೇ "ನೋಡಿ ಏನು ಮಾಡಿದರು" ಎಂಬುದೂ ಬರುತ್ತದೆ. ಮೊದಲನೆಯದಕ್ಕೆ ಮೊಬೈಲೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕಿಕೊಂಡು ಗೂಗಲ್‌ನ ಆನ್‌ಲೈನ್ ಕಲಿಕಾ ತಾಣ ಸ್ಕಿಲ್‌ಶಾಪ್, ಫೇಸ್‌ಬುಕ್‌-ಇನ್‌ಸ್ಟಾಗ್ರಾಂಗಳ ಒಡೆಯ ಮೆಟಾದ ಅಂಥದೇ ತಾಣ ಬ್ಲೂಪ್ರಿಂಟ್, ಐಐಟಿ ಮೊದಲಾದ ಸಂಸ್ಥೆಗಳ ಆನ್‌ಲೈನ್ ಪಾಠತಾಣ ಎನ್‌ಪಿಟಿಇಎಲ್‌ನ ಒಂದು ಕೋರ್ಸ್, ಹಣ ತೆತ್ತ ವಾರಾಂತ್ಯದ ತರಗತಿ, ಸಂವಹನದ ಫಲ ಅಳೆಯಲು ಅಮೆಕ್ ಸಂಸ್ಥೆ ಮಾಡಿಟ್ಟ ಚೌಕಟ್ಟು ಎಲ್ಲವನ್ನೂ ನೋಡಿ ಬಂದೆ. ಪ್ರಮಾಣಪತ್ರಕ್ಕಾಗಿ ಕಲಿಯುವವರಿಗೆ ನನ್ನ ತೀರ್ಮಾನ ರುಚಿಸಲಾರದು.

ಮೊದಲು ಸ್ಕಿಲ್‌ಶಾಪ್. ಕಲಿಕೆಯೂ ಪರೀಕ್ಷೆಯೂ ಉಚಿತ. ಪ್ರಮಾಣಪತ್ರದ ಆಯುಸ್ಸು 12 ತಿಂಗಳು. ಅಲ್ಲಿ ನಾನು ಕಲಿತದ್ದು ಜಾಲತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4. ಅದು ಎಲ್ಲವನ್ನೂ 'ಈವೆಂಟ್' ಎಂದೇ ಎಣಿಸುತ್ತದೆ: ಪುಟ ತೆರೆದದ್ದು, ಕೆಳಗೆ ಸರಿಸಿದ್ದು, ಅರ್ಜಿ ಡೌನ್‌ಲೋಡ್ ಮಾಡಿದ್ದು ಎಲ್ಲವೂ ಅದಕ್ಕೆ ಘಟನೆಗಳೇ. ಈ ಯೋಚನಾಕ್ರಮ ಒಮ್ಮೆ ತಲೆಗಿಳಿದರೆ ಬೇರೆ ಯಾವ ಡ್ಯಾಷ್‌ಬೋರ್ಡೂ ಹೆದರಿಸುವುದಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಯುಟಿಎಂ ಕೊಂಡಿ, ಅಂದರೆ ಜನ ಎಲ್ಲಿಂದ ಬಂದರೆಂದು ಹೇಳುವ ಗುರುತು ಅಂಟಿಸಿದ ವಿಳಾಸ. ತಪಾಸಣಾ ಶಿಬಿರದ ನೋಂದಣಿ ಪುಟಕ್ಕೆ ಫೇಸ್‌ಬುಕ್‌ಗೊಂದು, ಇನ್‌ಸ್ಟಾಗ್ರಾಂ ಬಯೋಗೊಂದು, ವಾಟ್ಸ್ಆ್ಯಪ್ ಗುಂಪುಗಳಿಗೊಂದು ಎಂದು ಬೇರೆ ಬೇರೆ ಗುರುತಿನ ಕೊಂಡಿ ಮಾಡಿ ಹಂಚಿದೆವು. ಗುರುತು ಹಾಕದೆ ವಾಟ್ಸ್ಆ್ಯಪ್‌ಗೆ ಬಿಟ್ಟ ಕೊಂಡಿಯಿಂದ ಬಂದವರು ವರದಿಯಲ್ಲಿ ಸಾಮಾನ್ಯವಾಗಿ 'ಡೈರೆಕ್ಟ್' ಎಂಬ ಸಾಲಿಗೆ ಸೇರಿ ಮರೆಯಾಗುತ್ತಾರೆ. ನಮ್ಮ ಊರುಗಳಲ್ಲಿ ಸುದ್ದಿ ಓಡಾಡುವುದೇ ವಾಟ್ಸ್ಆ್ಯಪ್‌ನಲ್ಲಾದ್ದರಿಂದ ಇದು ಸಣ್ಣ ನಷ್ಟವಲ್ಲ. ಇನ್ನೊಂದು ಮಾತು: ಬಳಕೆದಾರರ ಬಿಡಿ ಬಿಡಿ ದತ್ತಾಂಶವನ್ನು ಅನಲಿಟಿಕ್ಸ್ ತಾನಾಗಿ ಉಳಿಸಿಕೊಳ್ಳುವುದು 2 ತಿಂಗಳು ಮಾತ್ರ. ಸೆಟ್ಟಿಂಗ್‌ನಲ್ಲಿ ಅದನ್ನು 14 ತಿಂಗಳಿಗೆ ಏರಿಸುವುದನ್ನು ಮೊದಲ ದಿನವೇ ಮಾಡಿಬಿಡಿ. ಸ್ಕಿಲ್‌ಶಾಪ್‌ನ ಕೊರತೆಯೂ ಸ್ಪಷ್ಟವಾಗಿದೆ. ಅಭ್ಯಾಸಕ್ಕೆ ಕೊಡುವ ಮಾದರಿ ಖಾತೆ ಗೂಗಲ್‌ನದೇ ಅಂಗಡಿಯದು. ಟೀ ಶರ್ಟು, ಚೀಲ ಮಾರುವ ಲೆಕ್ಕ. ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ ಎಂದು ಜನರನ್ನು ಒಪ್ಪಿಸುವ ಕೆಲಸಕ್ಕೆ ಅದನ್ನು ನಾವೇ ಒಗ್ಗಿಸಿಕೊಳ್ಳಬೇಕು. ಇನ್‌ಸ್ಟಾಗ್ರಾಂ ಒಳಗೇ ನಡೆದು ಮುಗಿದ ವ್ಯವಹಾರವಂತೂ ಅನಲಿಟಿಕ್ಸ್ ಕಣ್ಣಿಗೆ ಬೀಳುವುದೇ ಇಲ್ಲ.

ಆ ಒಳಗಿನ ವ್ಯವಹಾರ ಹೇಳಿಕೊಡಬೇಕಾದದ್ದು ಬ್ಲೂಪ್ರಿಂಟ್. ಪಾಠಗಳು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕ. ರೀಚ್ ಎಂದರೆ ಪೋಸ್ಟ್ ಎಷ್ಟು ಖಾತೆಗಳಿಗೆ ಕಂಡಿತು, ಇಂಪ್ರೆಷನ್ ಎಂದರೆ ಒಟ್ಟು ಎಷ್ಟು ಸಲ ಕಂಡಿತು ಎಂಬಂಥ ವ್ಯತ್ಯಾಸಗಳನ್ನು ಚೊಕ್ಕವಾಗಿ ಹೇಳುತ್ತಾರೆ. ಆದರೆ ಎರಡು ಪಾಠ ಮುಗಿಯುವಷ್ಟರಲ್ಲಿ ದಾರಿ ಜಾಹೀರಾತಿನ ಕಡೆಗೆ ತಿರುಗುತ್ತದೆ. ದುಡ್ಡು ಸುರಿಯದೆ ಹಾಕಿದ ಪೋಸ್ಟಿನ ಬಗ್ಗೆ ಅವರಿಗೆ ಅಷ್ಟೇನೂ ಆಸಕ್ತಿಯಿಲ್ಲ. ಮಾವು ಮಾರುವವಳನ್ನೇ "ಹುಳಿಯೇನಮ್ಮ" ಎಂದು ಕೇಳಿದಂತೆ: ಹೇಳಿದ್ದು ಸುಳ್ಳಲ್ಲದಿರಬಹುದು, ಬೇರೆ ಅಂಗಡಿಯ ಹಣ್ಣಿನ ಮಾತನ್ನಂತೂ ಆಕೆ ಎತ್ತುವುದಿಲ್ಲ. ಜಾಹೀರಾತಿನ ಬಜೆಟ್ ಕೈಯಲ್ಲಿರುವ ಏಜೆನ್ಸಿಯವರು ಧಾರಾಳವಾಗಿ ಸೇರಿಕೊಳ್ಳಲಿ. ಉಳಿದವರಿಗೆ ಮೊದಲ ಕೆಲವು ಪಾಠಗಳೇ ಸಾಕು.

ಕಂಪನಿಯ ಉಪಕರಣವನ್ನೇ ನಂಬಿ ಕಲಿಯುವುದರಲ್ಲಿ ಬೇರೆ ಅಪಾಯವೂ ಇದೆ. ಯಾವ ಪೋಸ್ಟ್ ಎಷ್ಟು ಹರಡಿತೆಂದು ತೋರಿಸುತ್ತಿದ್ದ, ಸುದ್ದಿಮನೆಗಳು, ಸಂಶೋಧಕರು ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲ್ ಉಪಕರಣವನ್ನು ಮೆಟಾ 2024ರ ಆಗಸ್ಟ್ 14ರಂದು ಮುಚ್ಚಿತು. ಅದೇ ತಿಂಗಳಲ್ಲಿ ಇನ್‌ಸ್ಟಾಗ್ರಾಂ 'ವ್ಯೂಸ್' ಅನ್ನೇ ಮುಖ್ಯ ಅಳತೆಗೋಲಾಗಿ ಮಾಡಿಕೊಳ್ಳುವುದಾಗಿ ಹೇಳಿತು. 2025ರ ಮಾರ್ಚ್ 31ರಿಂದ ಎಣಿಕೆಯ ಕ್ರಮ ಬದಲಾಗಿ, ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೊ ಚಾಲೂ ಆದರೂ ವೀಕ್ಷಣೆ, ಮತ್ತೆ ಮೊದಲಿಂದ ತಿರುಗಿದರೂ ವೀಕ್ಷಣೆ. ಆ ದಿನದ ಆಚೀಚೆಯ ಅಂಕಿಗಳನ್ನು ಒಂದೇ ರೇಖಾಚಿತ್ರದಲ್ಲಿಟ್ಟು "ಬೆಳವಣಿಗೆ" ಎಂದು ತೋರಿಸುವವರನ್ನು ನೋಡಿದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ವಾರಾಂತ್ಯದ ತರಗತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಸರೂ ಬೇಡ. ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ದತ್ತಾಂಶ ಸ್ವೀಕರಿಸುವುದನ್ನೇ ನಿಲ್ಲಿಸಿದೆ. ಅದಾದ ಎಷ್ಟೋ ದಿನಗಳ ಮೇಲೂ ಅಲ್ಲಿ ಅದರ ಪರದೆಗಳನ್ನೇ ತೋರಿಸಿ ಪಾಠ ಮಾಡುತ್ತಿದ್ದರು. ಊಟ ಚೆನ್ನಾಗಿತ್ತು.

ಎನ್‌ಪಿಟಿಇಎಲ್‌ನಲ್ಲಿ ಐಐಟಿ ರೋಪರ್‌ನ ಸುದರ್ಶನ್ ಅಯ್ಯಂಗಾರ್ ಅವರ 'ಸೋಷಿಯಲ್ ನೆಟ್‌ವರ್ಕ್ಸ್' ಬೇರೆಯದೇ ಜಾತಿಯದು. ಇಲ್ಲಿ ಪೋಸ್ಟ್, ಲೈಕುಗಳ ಮಾತು ಕಡಿಮೆ. ಯಾರು ಯಾರೊಂದಿಗೆ ಹೇಗೆ ಬೆಸೆದುಕೊಂಡಿದ್ದಾರೆ ಎಂಬುದರ ಗಣಿತವೇ ಹೆಚ್ಚು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರದವರು ಏದುಸಿರು ಬಿಡಬೇಕಾಗುತ್ತದೆ. ಆದರೂ ದುರ್ಬಲ ಬಂಧಗಳ ಪಾಠವೊಂದಕ್ಕಾಗಿಯಾದರೂ ಇದನ್ನು ನೋಡಬೇಕು. ಆಪ್ತ ಗೆಳೆಯರಿಗೆ ಗೊತ್ತಿರುವುದೆಲ್ಲ ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಷ್ಟಾಗಿ ಒಡನಾಟವಿಲ್ಲದ ಪರಿಚಯಸ್ಥರಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಅದನ್ನು ಕೇಳಿದ ಮೇಲೆ ಲಕ್ಷ ಹಿಂಬಾಲಕರಿರುವವರ ಹಿಂದೆ ಬೀಳುವುದನ್ನು ಬಿಟ್ಟು, ಹಲವು ಗುಂಪುಗಳಲ್ಲಿ ಒಂದೊಂದು ಕಾಲಿಟ್ಟಿರುವ ಆಶಾ ಕಾರ್ಯಕರ್ತೆಯರನ್ನೂ ಶಾಲಾ ಶಿಕ್ಷಕರನ್ನೂ ಹುಡುಕತೊಡಗಿದೆವು. ತಿಂಗಳ ವರದಿ ಬರೆಯಲು ಮಾತ್ರ ಈ ಕೋರ್ಸಿನಿಂದ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ನೀರಸವಾಗಿ ಕಂಡ ಅಮೆಕ್ ಚೌಕಟ್ಟೇ ಕೊನೆಗೆ ನನ್ನ ಮೇಜಿನ ಮೇಲೆ ಉಳಿಯಿತು. ಸಂವಹನದ ಫಲವನ್ನು ಅಳೆಯುವವರ ಅಂತರರಾಷ್ಟ್ರೀಯ ಸಂಘ ಇದು. 2010ರ ಬಾರ್ಸಿಲೋನಾ ತತ್ವಗಳ ಹಿಂದಿರುವುದೂ ಇವರೇ. ಅಚ್ಚಾದ ಸುದ್ದಿಯ ಕಾಲಂ ಸೆಂಟಿಮೀಟರ್ ಅಳೆದು, ಜಾಹೀರಾತು ದರದಿಂದ ಗುಣಿಸಿ "ಇಷ್ಟು ಲಕ್ಷದ ಪ್ರಚಾರ ಸಿಕ್ಕಿತು" ಎನ್ನುವ ಲೆಕ್ಕ ಸಂವಹನದ ಮೌಲ್ಯವೇ ಅಲ್ಲ ಎಂದು ಆ ತತ್ವಗಳು ಸಾರಿದವು. ನಮ್ಮಲ್ಲಿ ಆ ಗುಣಾಕಾರ ಇನ್ನೂ ನಿಂತಿಲ್ಲ, ಇರಲಿ. ಚೌಕಟ್ಟು ಉಚಿತವಾಗಿ ಸಿಗುವ ಒಂದು ನಮೂನೆ. ಉದ್ದೇಶದ ಖಾನೆಯಲ್ಲಿ "ಜಾಗೃತಿ ಮೂಡಿಸುವುದು" ಎಂದು ಬರೆದರೆ ಮುಂದಿನ ಖಾನೆಗಳಿಗೆ ಬರೆಯಲು ಏನೂ ಉಳಿಯುವುದಿಲ್ಲ. ಯಾರಲ್ಲಿ, ಯಾವುದರ ಬಗ್ಗೆ, ಯಾವಾಗಿನೊಳಗೆ ಎಂದು ಬರೆದಾಗಲೇ ನಮೂನೆ ಮುಂದಕ್ಕೆ ಹೋಗುತ್ತದೆ. ನಾವು ಹಾಕಿದ ಪೋಸ್ಟುಗಳು ಒಂದು ಖಾನೆಗೆ. "ಶಿಬಿರ ಯಾವ ದಿನ, ಉಪವಾಸ ಬರಬೇಕಾ" ಎಂದು ಕೇಳಿದವರು, ಪೋಸ್ಟ್ ಉಳಿಸಿಕೊಂಡವರು ಇನ್ನೊಂದಕ್ಕೆ. ಶಿಬಿರಕ್ಕೆ ಬಂದು ತೋಳು ಚಾಚಿದವರು ಮತ್ತೊಂದಕ್ಕೆ. ಮೂರನೆಯ ಖಾನೆ ತುಂಬಲು ಯಾವ ಆ್ಯಪೂ ನೆರವಾಗಲಿಲ್ಲ. ಶಿಬಿರದ ನೋಂದಣಿ ಪುಸ್ತಕದಲ್ಲಿ "ಹೇಗೆ ತಿಳಿಯಿತು" ಎಂಬ ಕಾಲಂ ಸೇರಿಸಬೇಕಾಯಿತು, ಅಷ್ಟೇ.

ಇದರ ಜೊತೆಗೆ ಸ್ವಲ್ಪ ಎಕ್ಸೆಲ್ ಬೇಕು. ಮೆಟಾ ಬಿಸಿನೆಸ್ ಸೂಟ್, ಯೂಟ್ಯೂಬ್ ಸ್ಟುಡಿಯೊ ಎರಡೂ ಅಂಕಿಗಳನ್ನು ಹಾಳೆಯಾಗಿ ಇಳಿಸಿಕೊಳ್ಳಲು ಬಿಡುತ್ತವೆ. ಐದು ರೀಲ್ಸ್‌ಗೆ 400, 450, 500, 550, 20,000 ವೀಕ್ಷಣೆ ಬಂದಿವೆ ಎನ್ನೋಣ. ಸರಾಸರಿ 4,380, ಮಧ್ಯಾಂಕ ಅಂದರೆ ಸಾಲಿನ ನಟ್ಟನಡುವಿನ ಅಂಕಿ 500. ಸಭೆಯಲ್ಲಿ ಮೊದಲನೆಯದನ್ನು ಹೇಳಿದರೆ ಚಪ್ಪಾಳೆ ಸಿಗುತ್ತದೆ, ಮುಂದಿನ ರೀಲ್ಸ್ ಎಷ್ಟು ಓಡೀತು ಎಂಬ ಅಂದಾಜಿಗೆ ಎರಡನೆಯದೇ ಹತ್ತಿರ. ಯೂಟ್ಯೂಬ್‌ನಲ್ಲಿ ಪ್ರೇಕ್ಷಕರು ಎಲ್ಲಿ ಎದ್ದು ಹೋದರು ಎಂದು ತೋರಿಸುವ ರೇಖೆಯನ್ನೂ ನೋಡಿ. ನಮ್ಮ ವೈದ್ಯರ ಮಾತಿನ ವಿಡಿಯೊಗಳಲ್ಲಿ ಲಾಂಛನ, ಸಂಗೀತ, ಸ್ವಾಗತ ಮುಗಿಯುವ ಮುನ್ನವೇ ರೇಖೆ ಜಾರುತ್ತಿತ್ತು. ಸ್ವಾಗತಕ್ಕೆ ಕತ್ತರಿ ಹಾಕಿಸಲು ಪಟ್ಟ ಪಾಡಿನ ಮುಂದೆ ಅನಲಿಟಿಕ್ಸ್ ಕಲಿತದ್ದು ಸುಲಭವೇ.

ಹೊಸಬರು ಕೇಳಿದರೆ ಮೊದಲು ಅಮೆಕ್ ನಮೂನೆ, ಆಮೇಲೆ ಎಕ್ಸೆಲ್, ಸ್ವಂತ ಜಾಲತಾಣವಿದ್ದರೆ ಮಾತ್ರ ಸ್ಕಿಲ್‌ಶಾಪ್ ಎನ್ನುತ್ತೇನೆ. ಕನ್ನಡದ ಕಾಮೆಂಟುಗಳನ್ನು ಓದುವುದನ್ನು ಇವುಗಳಲ್ಲಿ ಒಂದೂ ನನಗೆ ಕಲಿಸಲಿಲ್ಲ. ಅರ್ಧ ಕನ್ನಡ ಲಿಪಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ನಡುವೆ ಎರಡು ಕೈಮುಗಿದ ಚಿಹ್ನೆ. "ಸೂಪರ್ ಸರ್ ನಿಮ್ಮ ಶಿಬಿರ, ಮೂರು ಗಂಟೆ ಬಿಸಿಲಲ್ಲಿ ನಿಂತೆವು" ಎಂಬುದನ್ನು ನಾವು ಪರೀಕ್ಷಿಸಿದ ಉಪಕರಣ ಮೆಚ್ಚುಗೆಯ ಪಟ್ಟಿಗೆ ಸೇರಿಸಿತು. ಅದಕ್ಕೇ ಈಗ ಕಾಮೆಂಟುಗಳನ್ನು ಇಬ್ಬರು ಬೇರೆ ಬೇರೆಯಾಗಿ ಕುಳಿತು ಮೆಚ್ಚುಗೆ, ದೂರು, ಪ್ರಶ್ನೆ ಎಂದು ವಿಂಗಡಿಸುತ್ತೇವೆ. ಇಬ್ಬರ ಗುರುತೂ ತಾಳೆಯಾಗದ ಸಾಲುಗಳನ್ನು ಶಿಬಿರದಲ್ಲಿದ್ದ ನರ್ಸ್ ಅಕ್ಕನಿಗೆ ತೋರಿಸಿ ಕೇಳುತ್ತೇವೆ.